ಮೂರನೆಯ ಹಲಗೆಯ ಮೇಲಿದ್ದ ಬಾಟಲಿ: ಒಬ್ಬ ರಸಾಯನಶಾಸ್ತ್ರ ಶಿಕ್ಷಕಿಯ ಪ್ರಕರಣ

ಈ ಪ್ರಕರಣವನ್ನು ಬರೆದಿಡಬೇಕು ಎಂದು ಸಂಘದ ಸಭೆಯಲ್ಲಿ ತೀರ್ಮಾನವಾದಾಗ ಆ ಶಿಕ್ಷಕಿ ಒಂದೇ ಒಂದು ಷರತ್ತು ಹಾಕಿದರು. "ನನ್ನನ್ನ ಧೈರ್ಯವಂತೆ ಅಂತ ಬರೀಬೇಡಿ ಸರ್. ಭಯ ಆಗಿತ್ತು, ಅದಕ್ಕೇ ಬಾಗಿಲು ಹಾಕಿದೆ." ಹಾಗಾಗಿ ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ. ನಾನು ಅದೇ ಶಾಲೆಯ ಭಾಷಾ ಶಿಕ್ಷಕ, ಶಿಕ್ಷಕರ ಸಂಘದ ಶಾಲಾ ಘಟಕದ ಕಾರ್ಯದರ್ಶಿ. ಶಾಲೆ ಯಾವುದು, ಜನ ಯಾರು ಎಂದು ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ.

ಸ್ಟೋರ್ ರೂಂ

ನಮ್ಮ ರಸಾಯನಶಾಸ್ತ್ರ ಲ್ಯಾಬಿಗೆ ಅಂಟಿಕೊಂಡು ಒಂದು ಸಣ್ಣ ಕೋಣೆ ಇದೆ. ಇರುವುದು ಒಂದೇ ಕಿಟಕಿ, ಅದೂ ತೆರೆಯುವುದಿಲ್ಲ. ಒಳಗೆ ಒಂದು ಮರದ ಬೀರು, ಒಂದು ಕಬ್ಬಿಣದ ರ್‍ಯಾಕ್. ಬಂದ ಶಿಕ್ಷಕರೆಲ್ಲ ಹೊಸ ಬಾಟಲಿಗಳನ್ನು ಮುಂದಿಟ್ಟು ಹಳೆಯವನ್ನು ಹಿಂದಕ್ಕೆ ತಳ್ಳುತ್ತ ಬಂದಿದ್ದರು. ನೈಟ್ರಿಕ್ ಆಮ್ಲದ ಪಕ್ಕದಲ್ಲೇ ಸ್ಪಿರಿಟ್, ಸೋಡಿಯಂ ಡಬ್ಬಿಯ ನೆತ್ತಿಯ ಮೇಲೆ ನೀರಿನ ಪೈಪು. ಒಂದಕ್ಕೊಂದು ಸೇರಬಾರದ ಸಾಮಾನುಗಳನ್ನು ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿದ್ದರಿಂದ ನೋಡುವ ಕಣ್ಣಿಗೆ ಎಲ್ಲವೂ ಅಚ್ಚುಕಟ್ಟಾಗಿಯೇ ಕಾಣುತ್ತಿತ್ತು. ಸ್ಟಾಕ್ ರಿಜಿಸ್ಟರ್ ಕೂಡ ಅಷ್ಟೇ ಅಚ್ಚುಕಟ್ಟು. ಪ್ರತಿ ವರ್ಷ ಹಿಂದಿನ ವರ್ಷದ ಪುಟವನ್ನು ನಕಲು ಮಾಡಿ, ಕೆಳಗೆ ಸಹಿ ಹಾಕುವುದು ನಡೆದುಬಂದ ಪದ್ಧತಿ.

ಈ ಶಿಕ್ಷಕಿ ನಮ್ಮ ಶಾಲೆಗೆ ಬಂದು ಆಗ ನಾಲ್ಕು ವರ್ಷ. ಮೊದಲ ವರ್ಷವೇ ಮುಖ್ಯ ಶಿಕ್ಷಕರಿಗೆ ಬಾಯಿಮಾತಿನಲ್ಲಿ ಹೇಳಿದ್ದರು: ಹೊಗೆ ಹೊರಹಾಕುವ ಫ್ಯಾನ್ ಕೆಲಸ ಮಾಡುತ್ತಿಲ್ಲ. ಎರಡನೆಯ ವರ್ಷ ಸ್ಟಾಫ್ ರೂಮಿನಲ್ಲಿ ನನಗೇ ಹೇಳಿದರು, "ಸರ್, ಸಂಘದ ಕಡೆಯಿಂದ ಒಮ್ಮೆ ಆ ಕೋಣೆ ನೋಡಬೇಕು." ನೋಡೋಣ ಮೇಡಂ ಅಂದೆ. ಬೆಲ್ ಹೊಡೆಯಿತು, ತರಗತಿಗೆ ಹೋದೆ, ಮರೆತೆ. ಅದನ್ನು ಎಲ್ಲೂ ಬರೆದುಕೊಳ್ಳಲಿಲ್ಲ. ಈ ಪ್ರಕರಣದಲ್ಲಿ ನನ್ನನ್ನು ಇವತ್ತಿಗೂ ಚುಚ್ಚುವುದು ಆ ಮರೆವು.

ಮೂರನೆಯ ವರ್ಷ ಅವರು ಪತ್ರ ಬರೆದರು. ಒಂದೂವರೆ ಪುಟ. ಫ್ಯಾನ್ ದುರಸ್ತಿ, ಕಣ್ಣು ತೊಳೆಯುವ ವ್ಯವಸ್ಥೆ, ಆಮ್ಲಗಳಿಗೆ ಬೇರೆ ಬೀರು. ಕೊನೆಯಲ್ಲಿ ಒಂದು ಸಾಲು: "ಬೀರುವಿನ ಹಿಂಬದಿಯ ಸಾಲಿನಲ್ಲಿರುವ ಬಾಟಲಿಗಳ ಲೇಬಲ್ ಓದಲಾಗುತ್ತಿಲ್ಲ, ಇವುಗಳನ್ನು ತರಬೇತಿ ಪಡೆದವರಿಂದಲೇ ಪರಿಶೀಲಿಸಿ ವಿಲೇವಾರಿ ಮಾಡಿಸಬೇಕು." ಕಚೇರಿಗೆ ಕೊಟ್ಟು, ತಮ್ಮ ಪ್ರತಿಯ ಮೇಲೆ ಮೊಹರು ಮತ್ತು ಆವಕ ಸಂಖ್ಯೆ ಹಾಕಿಸಿಕೊಂಡರು. ಉತ್ತರ ಬರಲಿಲ್ಲ. ಆದರೆ ಮೊಹರು ಬಿದ್ದ ಆ ಹಾಳೆ ಅವರ ಬ್ಯಾಗಿನಲ್ಲಿ ಉಳಿಯಿತು. ಮುಂದೆ ನಮ್ಮ ಕೈಹಿಡಿದದ್ದು ಅದೇ ಹಾಳೆ.

ಆ ಗುರುವಾರ

ಆಡಳಿತ ಮಂಡಳಿಗೆ ಆ ಕೋಣೆ ಬೇಕಾಗಿತ್ತು, ಪರೀಕ್ಷಾ ಸಾಮಗ್ರಿ ಇಡಲು. ಬುಧವಾರ ಸಂಜೆ ಮುಖ್ಯ ಶಿಕ್ಷಕರಿಂದ ಲಿಖಿತ ಆದೇಶ ಬಂತು: ಶನಿವಾರದೊಳಗೆ ಕೋಣೆ ಖಾಲಿಯಾಗಬೇಕು, ಅವಧಿ ಮೀರಿದ ರಾಸಾಯನಿಕಗಳನ್ನು "ಸೂಕ್ತ ರೀತಿಯಲ್ಲಿ" ಬಿಸಾಡಬೇಕು, ಸಹಾಯಕ್ಕೆ ಹತ್ತನೇ ತರಗತಿಯ ನಾಲ್ಕು ಮಕ್ಕಳನ್ನು ಬಳಸಿಕೊಳ್ಳಬಹುದು. ಸೂಕ್ತ ರೀತಿ ಎಂದರೇನು ಎಂದು ಕೇಳಿದ್ದಕ್ಕೆ, "ಸಿಂಕಿಗೆ ಸುರಿದು ನೀರು ಬಿಡಿ ಮೇಡಂ, ಇನ್ನೇನು" ಎಂಬ ಉತ್ತರ.

ಗುರುವಾರ ಎರಡನೇ ಪೀರಿಯಡ್. ಮುಂದಿನ ಸಾಲು ತೆಗೆದು ಟ್ರೇಗೆ ಇಡುತ್ತಿದ್ದಾಗ ಮೂರನೆಯ ಹಲಗೆಯ ಹಿಂಬದಿಯಲ್ಲಿ ಒಂದು ಕಂದು ಗಾಜಿನ ಬಾಟಲಿ ಕಂಡಿತು. ಲೋಹದ ಮುಚ್ಚಳ, ತುಕ್ಕು ಹಿಡಿದಿತ್ತು. ಮುಚ್ಚಳದ ಅಂಚಿನಲ್ಲಿ ಹಳದಿ ಪುಡಿ ಹರಳುಗಟ್ಟಿತ್ತು. ಲೇಬಲ್ಲಿನಲ್ಲಿ ಓದಲು ಸಿಕ್ಕಿದ್ದು ಪಿಕ್ರಿಕ್ ಎಂಬ ಮೂರಕ್ಷರ ಮಾತ್ರ.

ಆ ಮೂರಕ್ಷರ ಕಂಡು ರಸಾಯನಶಾಸ್ತ್ರ ಓದಿದವರು ಯಾಕೆ ಬೆಚ್ಚುತ್ತಾರೆ ಎಂಬುದು ನನ್ನಂಥ ಭಾಷಾ ಶಿಕ್ಷಕನಿಗೆ ಗೊತ್ತಿರಲಿಲ್ಲ. ನಂತರ ಅವರೇ ಹೇಳಿಕೊಟ್ಟರು. ಪಿಕ್ರಿಕ್ ಆಮ್ಲ ಅಂದರೆ ಟ್ರೈನೈಟ್ರೋಫೀನಾಲ್, ಟಿಎನ್‌ಟಿ ಎಂಬ ಸ್ಫೋಟಕದ ದಾಯಾದಿ. 1771ರಲ್ಲಿ ಮೊದಲು ತಯಾರಾದಾಗಿನಿಂದ ಬಹುಕಾಲ ರೇಷ್ಮೆ, ಉಣ್ಣೆಗೆ ಹಳದಿ ಬಣ್ಣ ಹಾಕಲು ಬಳಸುತ್ತಿದ್ದ ವಸ್ತು. 19ನೇ ಶತಮಾನದ ಕೊನೆಗೆ ಫಿರಂಗಿ ಗುಂಡುಗಳ ಹೊಟ್ಟೆ ಸೇರಿತು. 1917ರ ಡಿಸೆಂಬರ್ 6ರಂದು ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಸಿಡಿದ ಮೋಂ ಬ್ಲಾಂ ಹಡಗಿನ ಸರಕಿನಲ್ಲಿ ಬಹುಪಾಲು ಇದೇ ಇತ್ತು. 1,700ಕ್ಕೂ ಹೆಚ್ಚು ಜನ ಸತ್ತರು. ಲ್ಯಾಬುಗಳಿಗೆ ಅದು ಬರುವುದು ನೀರಿನಲ್ಲಿ ಒದ್ದೆಯಾಗಿ, ಮತ್ತು ಒದ್ದೆಯಿರುವ ತನಕ ಅದು ಸುಮ್ಮನಿರುತ್ತದೆ. ವರ್ಷಗಟ್ಟಲೆ ಬಿಟ್ಟರೆ ನೀರು ಆರುತ್ತದೆ. ವಿಶ್ವಸಂಸ್ಥೆಯ ಸಾಗಣೆ ನಿಯಮಗಳ ಪ್ರಕಾರ ನೀರಿನ ಅಂಶ ಶೇ. 30ಕ್ಕಿಂತ ಕಡಿಮೆಯಾದರೆ ಅದು ಸ್ಫೋಟಕಗಳ ವರ್ಗಕ್ಕೆ ಸೇರುತ್ತದೆ. ಒಣಗಿದ ಮೇಲೆ ಪೆಟ್ಟು, ಉಜ್ಜಾಟ ಎರಡೂ ಅದಕ್ಕೆ ಆಗದು. ಲೋಹದ ಜೊತೆ ಸೇರಿ ಆಗುವ ಪಿಕ್ರೇಟ್ ಲವಣಗಳು ಇನ್ನೂ ಸೂಕ್ಷ್ಮ. ತುಕ್ಕು ಹಿಡಿದ ಮುಚ್ಚಳವನ್ನು ತಿರುಗಿಸುವುದೇ ಒಂದು ಉಜ್ಜಾಟ. ಸಿಂಕಿಗೆ ಸುರಿದರೆ ಲೋಹದ ಪೈಪಿನೊಳಗೆ ಹೊಸ ಅಪಾಯವೊಂದನ್ನು ಬಿತ್ತಿದಂತೆ.

ಇದು ಒಂದು ಶಾಲೆಯ ಅಪರೂಪದ ಕತೆಯಲ್ಲ. 2016ರಲ್ಲಿ ಬ್ರಿಟನ್ನಿನ ಶಾಲೆಗಳಲ್ಲಿ ಡಿಎನ್‌ಪಿಎಚ್ ಎಂಬ ಇನ್ನೊಂದು ಲ್ಯಾಬ್ ರಾಸಾಯನಿಕ ಹೀಗೇ ಒಣಗಿರಬಹುದು ಎಂಬ ಎಚ್ಚರಿಕೆ ಹೊರಟು, ನೂರಾರು ಶಾಲೆಗಳಿಗೆ ಸೈನ್ಯದ ಬಾಂಬ್ ನಿಷ್ಕ್ರಿಯ ತಂಡಗಳು ಹೋಗಬೇಕಾಯಿತು.

ಶಿಕ್ಷಕಿ ಬಾಟಲಿಯನ್ನು ಮುಟ್ಟಲಿಲ್ಲ. ಕೈಯಲ್ಲಿದ್ದ ಟ್ರೇಯನ್ನೂ ಅಲ್ಲೇ ಮೇಜಿನ ಮೇಲೆ ಬಿಟ್ಟರು. ನಾಲ್ಕು ಮಕ್ಕಳನ್ನು ಹೊರಗೆ ಕಳಿಸಿದರು, ಬಾಗಿಲು ಹಾಕಿ ಬೀಗ ಜಡಿದರು, ಹಾಳೆಯೊಂದರ ಮೇಲೆ "ಒಳಗೆ ಹೋಗಬೇಡಿ, ಸ್ಫೋಟಕ ವಸ್ತು ಇದೆ" ಎಂದು ಬರೆದು ಅಂಟಿಸಿದರು. ಗೋಡೆಯ ಆಚೆ ಎಂಟನೇ ತರಗತಿ ನಡೆಯುತ್ತಿತ್ತು. ಅಲ್ಲಿದ್ದ ಶಿಕ್ಷಕರಿಗೆ ಹೇಳಿ 41 ಮಕ್ಕಳನ್ನು ಮೈದಾನಕ್ಕೆ ಕರೆತಂದರು. ಹಾಜರಿ ಪುಸ್ತಕ ಜೊತೆಯಲ್ಲೇ ತಂದು, ಮೈದಾನದಲ್ಲಿ ಹೆಸರು ಕರೆದು ಎಣಿಸಿ, ಪಿಟಿ ಟೀಚರ್ ವಶಕ್ಕೆ ಒಪ್ಪಿಸಿ, ಆಮೇಲೆ ಮುಖ್ಯ ಶಿಕ್ಷಕರ ಕೋಣೆಗೆ ಹೋದರು.

ಮುಖ್ಯ ಶಿಕ್ಷಕರು ಕೆಟ್ಟವರಲ್ಲ. ಅವರ ಮೇಲೂ ಒತ್ತಡ ಇತ್ತು, ವಿಲೇವಾರಿಗೆಂದು ಕೈಯಲ್ಲಿ ಹಣವೂ ಇರಲಿಲ್ಲ. ಆದರೆ ಆ ಹೊತ್ತಿನಲ್ಲಿ ಅವರು ಮಾಡಿದ್ದು ದೊಡ್ಡ ತಪ್ಪು. "ಒಂದು ಬಾಟಲಿಗೆ ಇಷ್ಟು ರಾದ್ಧಾಂತವೇ" ಎಂದು ಸ್ಟಾಫ್ ರೂಮಿನ ಎದುರಿಗೇ ಗದರಿ, ಲ್ಯಾಬ್ ಅಟೆಂಡರನ್ನು ಕರೆದು, "ಹೋಗಯ್ಯ, ಅದನ್ನ ತಗೊಂಡ್ ಹೋಗಿ ಹಿಂದುಗಡೆ ಗುಂಡಿಗೆ ಹಾಕು" ಅಂದರು. ಅಟೆಂಡರ್ ಗುತ್ತಿಗೆಯ ಮೇಲಿದ್ದ ಹುಡುಗ. ಬೇಡ ಅನ್ನುವ ಸ್ಥಿತಿಯಲ್ಲಿರಲಿಲ್ಲ. ಕೀಲಿ ಕೇಳಲು ಕೈ ಚಾಚಿದ. ಶಿಕ್ಷಕಿ ಕೀಲಿ ಕೊಡಲಿಲ್ಲ. "ನಾನೂ ಮುಟ್ಟೋದಿಲ್ಲ, ಇವನಿಗೂ ಮುಟ್ಟೋಕೆ ಬಿಡೋದಿಲ್ಲ ಸರ್. ಬರವಣಿಗೆಯಲ್ಲಿ ಕೊಡ್ತೀನಿ" ಅಂದರು. ಕೊಟ್ಟರು ಕೂಡ, ಅರ್ಧ ಗಂಟೆಯೊಳಗೆ, ಏಳು ಸಾಲಿನಲ್ಲಿ.

ಈ ಒಂದು ಮಾತನ್ನು ನಾನು ಪದೇ ಪದೇ ನೆನೆಯುತ್ತೇನೆ. ತಾನು ಮುಟ್ಟುವುದಿಲ್ಲ ಎಂದಷ್ಟೇ ಹೇಳಿ ಸರಿದಿದ್ದರೆ ಅವರಿಗೆ ನೋಟಿಸ್ ಬರುತ್ತಿರಲಿಲ್ಲವೇನೋ. ಅಟೆಂಡರ್ ಬಾಟಲಿ ಎತ್ತಿಕೊಂಡು ಹೋಗುತ್ತಿದ್ದ.

ಮೂರು ಆರೋಪ

ಶುಕ್ರವಾರ ಮಧ್ಯಾಹ್ನ ಕಾರಣ ಕೇಳಿ ನೋಟಿಸ್ ಬಂತು. ಮೇಲಧಿಕಾರಿಯ ಆದೇಶ ಧಿಕ್ಕರಿಸಿದ್ದು ಒಂದು. ಅನುಮತಿ ಇಲ್ಲದೆ ತರಗತಿ ನಿಲ್ಲಿಸಿ ಕರ್ತವ್ಯಲೋಪ ಎಸಗಿದ್ದು ಎರಡು. ಪೋಷಕರಲ್ಲಿ ಆತಂಕ ಹಬ್ಬಿಸಿದ್ದು ಮೂರು. ಮಕ್ಕಳು ಮನೆಗೆ ಹೋಗಿ ಹೇಳಿದ್ದರು, ಪೋಷಕರ ವಾಟ್ಸ್ಆ್ಯಪ್ ಗುಂಪಿನಲ್ಲಿ ಸುದ್ದಿ ಓಡಾಡಿತ್ತು. ಬಾಗಿಲಿಗೆ ಅಂಟಿಸಿದ ಹಾಳೆಯ ಫೋಟೋ ತೆಗೆದು ಹಾಕಿದವರು ಯಾರೋ, ಹೊಣೆ ಬಂದದ್ದು ಮಾತ್ರ ಇವರ ತಲೆಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಸೋಮವಾರದೊಳಗೆ ಉತ್ತರ ಕೊಡದಿದ್ದರೆ ಶಿಸ್ತುಕ್ರಮ ಎಂದಿತ್ತು.

ಆ ಸಂಜೆ ಅವರು ನಮ್ಮ ಮನೆಗೆ ಬಂದಾಗ ಉತ್ತರ ಬರೆದೇ ತಂದಿದ್ದರು. ಮೂರು ಪುಟ, ಸಿಟ್ಟು ತುಂಬಿ ತುಳುಕುತ್ತಿತ್ತು. ಒಂದೊಂದು ಮಾತೂ ನಿಜ, ಒಂದೊಂದೂ ಅವರ ವಿರುದ್ಧವೇ ತಿರುಗಬಹುದಾದದ್ದು. "ಇದನ್ನ ಇಟ್ಟುಕೊಳ್ಳಿ ಮೇಡಂ, ಕೊಡೋದು ಬೇಡ" ಅಂದೆ. ಮೊದಲು ನೆನಪು ಹಸಿಯಾಗಿರುವಾಗಲೇ ಘಟನೆಯ ಕಾಲಾನುಕ್ರಮ ಬರೆಯಲು ಕೂತೆವು: ಎಷ್ಟು ಗಂಟೆಗೆ ಏನಾಯಿತು, ಯಾರು ಎದುರಿಗಿದ್ದರು, ಯಾರು ಏನಂದರು. ಅಭಿಪ್ರಾಯ ಒಂದೂ ಇಲ್ಲ. ಎರಡೂವರೆ ಗಂಟೆ ಹಿಡಿಯಿತು. ನೋಟಿಸ್ ಬಂದ ದಿನ ಮಾಡಬೇಕಾದ ಮೊದಲ ಕೆಲಸ ಇದೇ ಎಂಬುದು ನನ್ನ ಅನುಭವ, ಉತ್ತರ ಆಮೇಲೆ.

ಎರಡನೆಯದಾಗಿ, ಸೋಮವಾರ ನಾವು ಕೊಟ್ಟದ್ದು ಉತ್ತರವಲ್ಲ, ಮನವಿ. ಆರೋಪಕ್ಕೆ ಆಧಾರವಾದ ದಾಖಲೆಗಳ ಪ್ರತಿ ಬೇಕು, ಅವನ್ನು ಓದಿ ಉತ್ತರಿಸಲು ಹತ್ತು ದಿನ ಬೇಕು, ವಿಚಾರಣೆಯಲ್ಲಿ ಸಂಘದ ಪ್ರತಿನಿಧಿ ಜೊತೆಗಿರಬೇಕು. ಇದು ನಾವು ಹೊಸದಾಗಿ ಕಟ್ಟಿದ ಬೇಡಿಕೆಯಲ್ಲ. ಶಿಕ್ಷಕರ ಸ್ಥಾನಮಾನ ಕುರಿತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ (ಐಎಲ್ಒ) ಮತ್ತು ಯುನೆಸ್ಕೊ ಜೊತೆಗೂಡಿ ರೂಪಿಸಿದ ಶಿಫಾರಸು 1966ರ ಅಕ್ಟೋಬರ್ 5ರಂದು ಅಂಗೀಕಾರವಾಯಿತು; ಆ ದಿನವೇ ಈಗ ವಿಶ್ವ ಶಿಕ್ಷಕರ ದಿನ. ಅವತ್ತು ಹೂ ಕೊಟ್ಟು ಭಾಷಣ ಮಾಡುವವರಲ್ಲಿ ಆ ಶಿಫಾರಸಿನ 50ನೇ ಪರಿಚ್ಛೇದ ಓದಿದವರು ಕಡಿಮೆ. ಶಿಸ್ತುಕ್ರಮದ ಪ್ರತಿ ಹಂತದಲ್ಲೂ ಶಿಕ್ಷಕರಿಗೆ ಆರೋಪ ಮತ್ತು ಅದರ ಆಧಾರವನ್ನು ಬರಹದಲ್ಲಿ ತಿಳಿಸಬೇಕು, ಸಾಕ್ಷ್ಯವನ್ನು ಪೂರ್ತಿ ನೋಡಲು ಬಿಡಬೇಕು, ಸಿದ್ಧತೆಗೆ ಸಮಯ ಕೊಡಬೇಕು, ತಾವು ಆರಿಸಿದ ಪ್ರತಿನಿಧಿಯ ಮೂಲಕ ಸಮರ್ಥಿಸಿಕೊಳ್ಳಲು ಅವಕಾಶ ಇರಬೇಕು, ತೀರ್ಪನ್ನು ಕಾರಣಸಹಿತ ಬರೆದುಕೊಡಬೇಕು, ಮೇಲ್ಮನವಿಗೆ ದಾರಿ ಇರಬೇಕು ಎಂದು ಅದು ಹೇಳುತ್ತದೆ. ಶಿಫಾರಸು ಕಾನೂನಿನಂತೆ ಕಟ್ಟಿಹಾಕುವುದಿಲ್ಲ, ನಿಜ. ಆದರೆ ನಮ್ಮ ಸೇವಾ ನಿಯಮಗಳಲ್ಲೂ ಇದರ ಹೆಚ್ಚಿನ ಭಾಗ ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಬರೆದಾಗ ಮಂಡಳಿಗೆ ಇಲ್ಲ ಅನ್ನುವುದು ಕಷ್ಟವಾಯಿತು. ಹತ್ತು ದಿನ ಸಿಕ್ಕಿತು.

ಪ್ರತಿನಿಧಿಯ ವಿಷಯದಲ್ಲಿ ಮಾತ್ರ ಸ್ವಲ್ಪ ಎಳೆದಾಟವಾಯಿತು. "ಇದು ವಿಚಾರಣೆ ಅಲ್ಲ, ಸುಮ್ಮನೆ ಮಾತಾಡೋಣ, ಮೇಡಂ ಒಬ್ಬರೇ ಬರಲಿ" ಎಂದು ಕರೆ ಬಂತು. ಬಹಳ ಶಿಕ್ಷಕರು ಎಡವುವುದು ಇಲ್ಲೇ. ನೋಟಿಸಿಗೆ ಸಂಖ್ಯೆ ಬಿದ್ದ ಮೇಲೆ ಸುಮ್ಮನೆ ಮಾತು ಎಂಬುದು ಇರುವುದಿಲ್ಲ; ಅಲ್ಲಿ ಆಡಿದ್ದೆಲ್ಲ ನಾಳೆ "ಶಿಕ್ಷಕಿ ಒಪ್ಪಿಕೊಂಡಿದ್ದಾರೆ" ಎಂಬ ಸಾಲಾಗಿ ಬರುತ್ತದೆ. ಬ್ರಿಟನ್ನಿನಲ್ಲಿ 1999ರ ಕಾಯ್ದೆ ಶಿಸ್ತಿನ ಸಭೆಗೆ ಜೊತೆಗಾರರನ್ನು ಕರೆದೊಯ್ಯುವ ಹಕ್ಕು ಕೊಟ್ಟಿದೆ. ಅಮೆರಿಕದಲ್ಲಿ ಸಂಘ ಇರುವ ಖಾಸಗಿ ಕೆಲಸದ ಜಾಗಗಳಿಗೆ ಇದೇ ಹಕ್ಕು 1975ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಂತು. ನಮ್ಮಲ್ಲಿ ಅಷ್ಟು ಸ್ಪಷ್ಟವಾದ ನಿಯಮ ಕೈಯಲ್ಲಿರಲಿಲ್ಲ. ಹಾಗಾಗಿ ಶಿಕ್ಷಕಿ ಸರಳವಾಗಿ ಹೇಳಿದರು: "ಬರ್ತೀನಿ ಸರ್, ಕಾರ್ಯದರ್ಶಿಗಳೂ ಬರ್ತಾರೆ." ಇಬ್ಬರೂ ಹೋದೆವು. ನಾನು ಮಾತಾಡಲಿಲ್ಲ, ಪುಸ್ತಕ ತೆರೆದು ಬರೆದುಕೊಳ್ಳುತ್ತ ಕೂತೆ. ಸಭೆ ಏಳು ನಿಮಿಷದಲ್ಲಿ ಮುಗಿಯಿತು.

ನಮ್ಮ ತಪ್ಪು

ಇಲ್ಲೊಂದು ವಿಷಯ ಒಪ್ಪಿಕೊಳ್ಳಬೇಕು. ಗುರುವಾರದಿಂದ ಸೋಮವಾರದ ತನಕ ನಾವೆಲ್ಲ ನೋಟಿಸಿನ ಹಿಂದೆ ಬಿದ್ದಿದ್ದೆವು. ಬಾಟಲಿ ಮೂರನೆಯ ಹಲಗೆಯ ಮೇಲೆ ಹಾಗೇ ಇತ್ತು. ಗೋಡೆಯಾಚೆಯ ಎಂಟನೇ ತರಗತಿಯನ್ನು ಶಿಕ್ಷಕಿಯೇ ಹಟ ಹಿಡಿದು ಗ್ರಂಥಾಲಯಕ್ಕೆ ಸ್ಥಳಾಂತರಿಸಿದ್ದರು ಎಂಬುದು ಬಿಟ್ಟರೆ, ಸಂಘವಾಗಿ ನಾವು ಆ ಅಪಾಯದ ಬಗ್ಗೆ ಏನೂ ಮಾಡಿರಲಿಲ್ಲ. ಸೋಮವಾರ ರಾತ್ರಿ ಅವರೇ ಫೋನ್ ಮಾಡಿ, "ಸರ್, ನನ್ನ ನೋಟಿಸ್ ಎಲ್ಲಿಗೂ ಓಡಿಹೋಗಲ್ಲ. ಅದನ್ನ ಮೊದಲು ತೆಗೆಸೋಣ" ಅಂದಾಗ ನಾಚಿಕೆಯಾಯಿತು. ಸದಸ್ಯರ ರಕ್ಷಣೆ ನಮ್ಮ ಕೆಲಸ ಎಂಬ ಅವಸರದಲ್ಲಿ ಆ ಸದಸ್ಯರು ಎತ್ತಿದ ಪ್ರಶ್ನೆಯನ್ನೇ ಬಿಟ್ಟಿದ್ದೆವು.

ಮಂಗಳವಾರ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಸ್ಟಾಫ್ ರೂಮಿನಲ್ಲಿ ಪತ್ರ ಸಿದ್ಧವಾಯಿತು. 31 ಶಿಕ್ಷಕರಲ್ಲಿ 23 ಜನ ಸಹಿ ಹಾಕಿದರು. ಉಳಿದವರಲ್ಲಿ ಇಬ್ಬರು ಇನ್ನೂ ಕಾಯಂ ಆಗದ ಪ್ರೊಬೇಷನರಿಗಳು. ಅವರಿಗೆ ಹಾಕಬೇಡಿ ಎಂದು ನಾವೇ ಹೇಳಿದೆವು. ಪತ್ರದ ಒಂದು ಪ್ರತಿ ಮುಖ್ಯ ಶಿಕ್ಷಕರಿಗೆ, ಒಂದು ಮಂಡಳಿಗೆ, ಮೂಲ ಪ್ರತಿ ನೇರವಾಗಿ ಅಗ್ನಿಶಾಮಕ ಠಾಣೆಗೆ. ಮೇಲಧಿಕಾರಿಯನ್ನು ದಾಟಿ ಹೋಗುವುದು ಸರಿಯೇ ಎಂದು ಒಬ್ಬ ಹಿರಿಯರು ಕೇಳಿದರು. ನ್ಯಾಯವಾದ ಪ್ರಶ್ನೆ. ಒಳಗೆ ಮೂರು ಸಲ ಕೇಳಿ, ಒಂದು ಸಲ ಬರೆದು, ನಾಲ್ಕು ದಿನ ಕಾದಾಗಿದೆ, ಶಾಲೆಯ ತುಂಬ ಮಕ್ಕಳಿದ್ದಾರೆ, ಇನ್ನು ಕಾಯುವುದೇ ಕರ್ತವ್ಯಲೋಪ ಎಂದು ತೀರ್ಮಾನಿಸಿದೆವು.

ಹನ್ನೊಂದೂವರೆಗೆ ಅಗ್ನಿಶಾಮಕದವರು ಬಂದರು. ಅವರ ಅಧಿಕಾರಿ ಬಾಗಿಲ ಸಂದಿಯಿಂದ ಟಾರ್ಚ್ ಹಾಕಿ ನೋಡಿ, ಲೇಬಲ್ ಓದಿ, ಏನೂ ಮಾತಾಡದೆ ಹಿಂದೆ ಸರಿದು ಫೋನ್ ಮಾಡಿದರು. ಮಕ್ಕಳನ್ನು ಮನೆಗೆ ಕಳಿಸಲಾಯಿತು. ಬಾಂಬ್ ನಿಷ್ಕ್ರಿಯ ದಳ ಸಂಜೆಯ ಹೊತ್ತಿಗೆ ಬಾಟಲಿಯನ್ನು ಒಯ್ದು ಬಯಲಿನಲ್ಲಿ ಸಿಡಿಸಿತು. ಸದ್ದು ನಮಗೆ ಕೇಳಲಿಲ್ಲ. ದಳದವರು ಕೊಟ್ಟ ಎರಡು ಪ್ಯಾರಾದ ವರದಿಯಲ್ಲಿ ವಸ್ತು ಒಣಗಿತ್ತು, ಕೈಯಿಂದ ಎತ್ತಿ ಸಾಗಿಸುವ ಸ್ಥಿತಿಯಲ್ಲಿ ಇರಲಿಲ್ಲ ಎಂದಿತ್ತು.

ಅಷ್ಟಾದ ಮೇಲೆ ನೋಟಿಸ್ ವಾಪಸ್ ಆಗುತ್ತದೆ ಎಂದುಕೊಂಡಿದ್ದೆವು. ಆಗಲಿಲ್ಲ. ಶಾಲೆಯ ಹೆಸರಿಗೆ ಧಕ್ಕೆ ತಂದಿದ್ದು ಎಂಬ ಮಾತು ಮೂರನೆಯ ಆರೋಪಕ್ಕೆ ಹೊಸದಾಗಿ ಸೇರಿಕೊಂಡಿತು. ನನಗೂ ಒಂದು ಮೆಮೊ ಬಂತು, ಮಂಗಳವಾರ ಮೊದಲ ಪೀರಿಯಡ್ ಎಲ್ಲಿದ್ದಿರಿ ಎಂದು. ನೌಕರರ ಪ್ರತಿನಿಧಿಗಳಿಗೆ ಅವರ ಸಂಘದ ಕೆಲಸದ ಕಾರಣಕ್ಕೆ ತೊಂದರೆ ಕೊಡಬಾರದು ಎಂದು 1971ರ ಐಎಲ್ಒ ಒಡಂಬಡಿಕೆ ಸಂಖ್ಯೆ 135 ಹೇಳುತ್ತದೆ. ನಾನು ಅದನ್ನು ಉಲ್ಲೇಖಿಸಲಿಲ್ಲ. ಆ ಪೀರಿಯಡ್ ನನಗೆ ಖಾಲಿಯಿತ್ತು. ವೇಳಾಪಟ್ಟಿಯ ಪ್ರತಿ ಲಗತ್ತಿಸಿ ಕೊಟ್ಟೆ, ಅಷ್ಟೇ.

ವಿಚಾರಣೆ

ನಮ್ಮ ಉತ್ತರದ ಬೆನ್ನೆಲುಬು ಐಎಲ್ಒದ 1981ರ ಒಡಂಬಡಿಕೆ ಸಂಖ್ಯೆ 155. ಕೆಲಸದ ಜಾಗದ ಸುರಕ್ಷತೆ ಎಂದರೆ ಕಾರ್ಖಾನೆ, ಗಣಿ ಎಂದು ಶಿಕ್ಷಕರೇ ನಂಬಿದ್ದಾರೆ. ಈ ಒಡಂಬಡಿಕೆಯ 3ನೇ ವಿಧಿ ಸಾರ್ವಜನಿಕ ಸೇವೆಯೂ ಸೇರಿದಂತೆ ದುಡಿಯುವ ಎಲ್ಲರನ್ನೂ ಒಳಗೊಳ್ಳುತ್ತದೆ. 13ನೇ ವಿಧಿಯ ಪ್ರಕಾರ, ಜೀವಕ್ಕೆ ಅಥವಾ ಆರೋಗ್ಯಕ್ಕೆ ತಕ್ಷಣದ ಗಂಭೀರ ಅಪಾಯವಿದೆ ಎಂದು ನಂಬಲು ಸಕಾರಣವಿದ್ದು ಆ ಕೆಲಸದಿಂದ ಹಿಂದೆ ಸರಿದವರಿಗೆ ಅನುಚಿತ ಪರಿಣಾಮಗಳಿಂದ ರಕ್ಷಣೆ ಇರಬೇಕು. 19ನೇ ವಿಧಿ ಇನ್ನೂ ಮುಂದೆ ಹೋಗುತ್ತದೆ: ನೌಕರ ತನ್ನ ಮೇಲಿನವರಿಗೆ ಕೂಡಲೇ ತಿಳಿಸಬೇಕು, ಮತ್ತು ಅಪಾಯ ಮುಂದುವರಿದಿರುವಷ್ಟು ಕಾಲ ಅಲ್ಲಿಗೆ ಮರಳಿ ಹೋಗು ಎಂದು ಮಾಲೀಕ ಒತ್ತಾಯಿಸುವಂತಿಲ್ಲ. 21ನೇ ವಿಧಿ ನಮ್ಮಲ್ಲಿ ಬಹಳ ಜನಕ್ಕೆ ಹೊಸ ಸುದ್ದಿ: ಸುರಕ್ಷತಾ ಕ್ರಮಗಳ ಖರ್ಚು ನೌಕರರ ಮೇಲೆ ಬೀಳಬಾರದು. ನಮ್ಮ ಶಿಕ್ಷಕಿ ನಾಲ್ಕು ವರ್ಷ ಕೈಗವಸು, ಕನ್ನಡಕಗಳನ್ನು ತಮ್ಮ ದುಡ್ಡಿನಲ್ಲೇ ತಂದಿದ್ದರು.

ಒಡಂಬಡಿಕೆ ಕಟ್ಟಿಹಾಕುವುದು ಅದನ್ನು ಅನುಮೋದಿಸಿದ ಸರಕಾರಗಳನ್ನು; ಅದರ ಪ್ರತಿ ಹಿಡಿದು ಮುಖ್ಯ ಶಿಕ್ಷಕರ ಕೋಣೆಗೆ ನುಗ್ಗಿದರೆ ಏನೂ ಆಗುವುದಿಲ್ಲ. ಆದರೆ 2022ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನ ಸುರಕ್ಷಿತ, ಆರೋಗ್ಯಕರ ಕೆಲಸದ ವಾತಾವರಣವನ್ನು ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಸಿತು. ಅನುಮೋದಿಸಿರಲಿ ಬಿಡಲಿ, ಆ ತತ್ವವನ್ನು ಗೌರವಿಸುವ ಹೊಣೆ ಈಗ ಎಲ್ಲ ಸದಸ್ಯ ರಾಷ್ಟ್ರಗಳ ಮೇಲಿದೆ. ದೇಶೀಯ ಕಾನೂನಿನಲ್ಲಿ ಈ ಹಕ್ಕು ಬೇರೂರಿದರೆ ಏನಾಗಬಹುದು ಎಂಬುದಕ್ಕೆ 2021ರ ಜನವರಿಯ ಬ್ರಿಟನ್ ಉದಾಹರಣೆ. ಕೋವಿಡ್ ಏರುತ್ತಿದ್ದಾಗ ಅಲ್ಲಿಯ ಶಿಕ್ಷಕರ ಸಂಘವಾದ ನ್ಯಾಷನಲ್ ಎಜುಕೇಷನ್ ಯೂನಿಯನ್ ತನ್ನ ಸದಸ್ಯರಿಗೆ 1996ರ ಉದ್ಯೋಗ ಹಕ್ಕುಗಳ ಕಾಯ್ದೆಯ 44ನೇ ಸೆಕ್ಷನ್ ಹಿಡಿದು, ಅಸುರಕ್ಷಿತ ತರಗತಿಗೆ ಬರಲಾರೆವು ಎಂದು ಪತ್ರ ಕೊಡಲು ಹೇಳಿತು. ಜನವರಿ 4ರ ರಾತ್ರಿ ಸರಕಾರವೇ ಶಾಲೆ ಮುಚ್ಚುವ ಘೋಷಣೆ ಮಾಡಿತು.

ಶಿಕ್ಷಕರ ವಿಷಯದಲ್ಲಿ ಈ ಹಕ್ಕಿಗೆ ಒಂದು ತೊಡಕಿದೆ. ಕಾರ್ಖಾನೆಯ ನೌಕರ ಯಂತ್ರ ನಿಲ್ಲಿಸಿ ಹೊರಗೆ ಬರಬಹುದು. ಶಿಕ್ಷಕಿ ತಾನೊಬ್ಬಳೇ ಹೊರಗೆ ಬರುವಂತಿಲ್ಲ. ಬಂದರೆ ಅದು ನಿಜವಾಗಿಯೂ ಕರ್ತವ್ಯಲೋಪ. ಆದ್ದರಿಂದಲೇ ಎರಡನೆಯ ಆರೋಪಕ್ಕೆ ನಾವು ಯಾವ ವಿಧಿಯನ್ನೂ ತೋರಿಸಲಿಲ್ಲ, ಎಂಟನೇ ತರಗತಿಯ ಹಾಜರಿ ಪುಸ್ತಕ ತೋರಿಸಿದೆವು. ಆ ದಿನದ ಕಾಲಮ್ಮಿನಲ್ಲಿ ಮೈದಾನದಲ್ಲಿ ಎಣಿಸಿದ ಗುರುತುಗಳು ಎರಡನೇ ಸಲ ಬಿದ್ದಿದ್ದವು, ಪಕ್ಕದಲ್ಲಿ ಪಿಟಿ ಟೀಚರ್ ಸಹಿ. ವಿಚಾರಣಾಧಿಕಾರಿ ಆ ಪುಟವನ್ನು ಬಹಳ ಹೊತ್ತು ನೋಡಿದರು.

ಅವರು ಬೇರೆ ಶಾಲೆಯಿಂದ ನಿವೃತ್ತರಾದ ಮುಖ್ಯ ಶಿಕ್ಷಕರು, ಮಂಡಳಿಯೇ ನೇಮಿಸಿದವರು. ಅವರ ಬಗ್ಗೆ ನಮಗೆ ಅನುಮಾನವಿತ್ತು. ಅದು ತಪ್ಪೆಂದು ಅವರೇ ತೋರಿಸಿಕೊಟ್ಟರು. ಹಿಂದಿನ ಎರಡು ವರ್ಷಗಳ ತಪಾಸಣಾ ವರದಿಗಳನ್ನು ತರಿಸಿದರು. ಎರಡರಲ್ಲೂ "ಪ್ರಯೋಗಾಲಯ ತೃಪ್ತಿಕರ" ಎಂದಿತ್ತು. ಸ್ಟೋರ್ ರೂಂ ತೆರೆದು ನೋಡಿದ್ದರೇ ಎಂದು ಕೇಳಿದರೆ ಉತ್ತರವಿಲ್ಲ. ಆಮೇಲೆ ಶಿಕ್ಷಕಿಯ ಮೊಹರು ಬಿದ್ದ ಪತ್ರವನ್ನು ಮುಖ್ಯ ಶಿಕ್ಷಕರ ಮುಂದಿಟ್ಟು, ಇದು ನಿಮಗೆ ತಲುಪಿತ್ತೇ ಎಂದರು.

ಮುಖ್ಯ ಶಿಕ್ಷಕರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ತಲುಪಿತ್ತು. ಸಹಿ ಹಾಕಿದೀನಿ. ಓದಿರಲಿಲ್ಲ" ಅಂದರು.

ಸುಳ್ಳು ಹೇಳಿ ತಪ್ಪಿಸಿಕೊಳ್ಳುವ ಅವಕಾಶ ಅವರಿಗಿತ್ತು. ಹೇಳಲಿಲ್ಲ. ಆ ಮಾತಿಗಾಗಿ ನಾನು ಅವರನ್ನು ಗೌರವಿಸುತ್ತೇನೆ. ಸ್ಟಾಫ್ ರೂಮಿನ ಎದುರು ಗದರಿದ್ದನ್ನು ಕಿರುಕುಳ ಎಂದು ಸೇರಿಸಬೇಕು ಎಂಬ ಸಲಹೆ ಸಂಘದಲ್ಲಿ ಬಂದಿತ್ತು. ಕೆಲಸದ ಜಾಗದ ಹಿಂಸೆ, ಕಿರುಕುಳದ ಕುರಿತ 2019ರ ಒಡಂಬಡಿಕೆ ಸಂಖ್ಯೆ 190ರ ಪ್ರಕಾರ ಒಂದೇ ಸಲ ನಡೆದದ್ದೂ ಕಿರುಕುಳವಾಗಬಹುದು. ಶಿಕ್ಷಕಿ ಬೇಡ ಅಂದರು. "ಅವರು ಕೂಗಿದ್ದಲ್ಲ ಸರ್ ವಿಷಯ. ಆ ಹುಡುಗನನ್ನ ಒಳಗೆ ಕಳಿಸೋಕೆ ಹೊರಟಿದ್ದು." ಪ್ರಕರಣ ಅವರದು, ಮಾತೂ ಅವರದೇ ನಡೆಯಬೇಕು. ಬಿಟ್ಟೆವು.

ಮೂರನೆಯ ಆರೋಪಕ್ಕೆ 1966ರ ಶಿಫಾರಸಿನ 68ನೇ ಪರಿಚ್ಛೇದವನ್ನು ಮುಂದಿಟ್ಟೆವು. ದೂರು ಇರುವ ಪೋಷಕರು ಮೊದಲು ಮುಖ್ಯ ಶಿಕ್ಷಕರು ಮತ್ತು ಸಂಬಂಧಪಟ್ಟ ಶಿಕ್ಷಕರೊಡನೆ ಮಾತಾಡಬೇಕು. ಮೇಲಕ್ಕೆ ಹೋದ ದೂರು ಬರಹದಲ್ಲಿರಬೇಕು, ಅದರ ಪ್ರತಿ ಶಿಕ್ಷಕರಿಗೆ ಸಿಗಬೇಕು. ಇಲ್ಲಿ ಪೋಷಕರ ದೂರು ಎಂದು ತೋರಿಸಲು ಮಂಡಳಿಯ ಬಳಿ ಒಂದು ಚೀಟಿಯೂ ಇರಲಿಲ್ಲ. ಇದ್ದದ್ದು ವಾಟ್ಸ್ಆ್ಯಪ್ ಗುಂಪಿನ ಎರಡು ಸ್ಕ್ರೀನ್‌ಶಾಟ್. ಅದರಲ್ಲೂ ಒಂದರಲ್ಲಿ ಯಾರೋ ತಾಯಿ "ಮೇಡಂಗೆ ಥ್ಯಾಂಕ್ಸ್ ಹೇಳಿ" ಎಂದು ಬರೆದಿದ್ದರು.

ಆಮೇಲೆ

ಮೊದಲ ಎರಡು ಆರೋಪ ಬಿದ್ದುಹೋದವು. ಮೂರನೆಯದನ್ನು ಪೂರ್ತಿ ಕೈಬಿಡಲು ಮಂಡಳಿಗೆ ಮನಸ್ಸಾಗಲಿಲ್ಲ. "ಮುಂದೆ ಇಂಥ ಸಂದರ್ಭದಲ್ಲಿ ಹೆಚ್ಚು ಸಂಯಮದಿಂದ ನಡೆದುಕೊಳ್ಳಬೇಕು" ಎಂಬ ಸಲಹಾ ಪತ್ರವನ್ನು ಸೇವಾ ದಾಖಲೆಗೆ ಸೇರಿಸಿದರು. ಗೆದ್ದೆವಲ್ಲ, ಇಷ್ಟಕ್ಕೆ ಬಿಡೋಣ ಎಂದು ಸಂಘದಲ್ಲೇ ಕೆಲವರ ವಾದ. ನಾನು ಒಪ್ಪಲಿಲ್ಲ. ಆರೋಪ ಸಾಬೀತಾಗದೆ ಸೇರಿದ ಒಂದು ಹಾಳೆ ಹತ್ತು ವರ್ಷದ ಮೇಲೆ, ಹಿನ್ನೆಲೆ ಗೊತ್ತಿಲ್ಲದ ಯಾರೋ ಬಡ್ತಿಯ ಕಡತ ತೆರೆದಾಗ ಮಾತಾಡುತ್ತದೆ. ಮೇಲ್ಮನವಿ ಹಾಕಿದೆವು. ಏಳು ತಿಂಗಳಾದ ಮೇಲೆ ಆ ಪತ್ರವನ್ನು ಹಿಂಪಡೆದರು.

ಆದರೆ ಕಾಗದದಲ್ಲಿ ಹಿಡಿಯಲಾಗದ ಕೆಲವು ಸಂಗತಿಗಳು ಉಳಿದವು. ಮರುವರ್ಷದ ವಿಜ್ಞಾನ ಪ್ರದರ್ಶನದ ಹೊಣೆ ಅವರಿಗೆ ಬರಲಿಲ್ಲ. ವೇಳಾಪಟ್ಟಿಯಲ್ಲಿ ಕೊನೆಯ ಪೀರಿಯಡ್ಡುಗಳೇ ಅವರ ಪಾಲಿಗೆ ಬಂದವು. ಒಂದೊಂದನ್ನೂ ಬಿಡಿಯಾಗಿ ನೋಡಿದರೆ ದೂರು ಕೊಡುವಂಥದ್ದಲ್ಲ; ಎಲ್ಲವನ್ನೂ ಸೇರಿಸಿ ನೋಡಿದಾಗ ಅರ್ಥವಾಗುತ್ತದೆ. ಪ್ರತಿ ಬದಲಾವಣೆಯನ್ನೂ ದಿನಾಂಕ ಹಾಕಿ ಬರೆದಿಡಲು ಅವರಿಗೆ ಹೇಳಿದ್ದೇನೆ. ಬರೆಯುತ್ತಿದ್ದಾರೆ.

ಲ್ಯಾಬ್ ಬದಲಾಗಿದೆ. ಆಮ್ಲಗಳಿಗೆ ಬೇರೆ ಬೀರು ಬಂತು, ಫ್ಯಾನ್ ತಿರುಗುತ್ತದೆ, ರಿಜಿಸ್ಟರಿನಲ್ಲಿ ಖರೀದಿಯ ಮತ್ತು ತೆರೆದ ದಿನಾಂಕದ ಕಾಲಮ್ಮುಗಳಿವೆ, ಪ್ರತಿ ವಸ್ತುವಿನ ಸುರಕ್ಷತಾ ಮಾಹಿತಿ ಪತ್ರ ಬಾಗಿಲ ಬಳಿಯ ಫೈಲಿನಲ್ಲಿದೆ. ಸುರಕ್ಷತಾ ಸಮಿತಿಯೊಂದು ಮೂರು ತಿಂಗಳಿಗೊಮ್ಮೆ ಎಲ್ಲ ಕೋಣೆಗಳನ್ನೂ ತೆರೆದು ನೋಡುತ್ತದೆ. ಮೊದಲ ಸುತ್ತಿನಲ್ಲೇ ಹೆಣ್ಣುಮಕ್ಕಳ ಶೌಚಾಲಯದ ಮೇಲಿನ ನೀರಿನ ಟ್ಯಾಂಕಿನ ಕಂಬ ಬಿರುಕು ಬಿಟ್ಟಿದ್ದು ಕಂಡಿತು. ಅದನ್ನು ತೋರಿಸಿದವನು ಲ್ಯಾಬ್ ಅಟೆಂಡರ್. ಸಮಿತಿಯಲ್ಲಿ ಅವನೂ ಇರಬೇಕು ಎಂದು ಪಟ್ಟು ಹಿಡಿದದ್ದು ಶಿಕ್ಷಕಿಯೇ.

ಆ ವರ್ಷದ ಕೊನೆಗೆ ಅವನ ಗುತ್ತಿಗೆ ನವೀಕರಣವಾಗಲಿಲ್ಲ. ನಮ್ಮ ಸಂಘದ ನಿಯಮಾವಳಿಯಲ್ಲಿ ಸದಸ್ಯತ್ವ ಇದ್ದದ್ದು ಶಿಕ್ಷಕರಿಗೆ ಮಾತ್ರ. ಅವನ ಪರವಾಗಿ ಮಾತಾಡಲು ನೀವು ಯಾರು ಎಂದು ಮಂಡಳಿ ಕೇಳಿದಾಗ ನಮ್ಮ ಬಳಿ ಉತ್ತರವಿರಲಿಲ್ಲ. ಒಡಂಬಡಿಕೆ 155 ದುಡಿಯುವ ಎಲ್ಲರಿಗೂ ಎಂದು ವಿಚಾರಣೆಯಲ್ಲಿ ಎತ್ತಿ ಹೇಳಿದವರು ನಾವೇ. ನಮ್ಮ ಸದಸ್ಯತ್ವದ ಅರ್ಜಿಯಲ್ಲಿ ಅವನಿಗೆ ಜಾಗವಿರಲಿಲ್ಲ. ಕಾರಣ ಕೇಳಿ ಬರೆದ ಪತ್ರಕ್ಕೆ "ಹುದ್ದೆಯ ಅಗತ್ಯವಿಲ್ಲ" ಎಂಬ ಎರಡು ಪದದ ಉತ್ತರ ಬಂತು. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಬೋಧಕೇತರ ಸಿಬ್ಬಂದಿಗೂ ಸದಸ್ಯತ್ವ ಕೊಡುವ ತಿದ್ದುಪಡಿ ಮಂಡಿಸಿದೆವು. ಮೊದಲ ಸಲ ಬಿತ್ತು, ನಾಲ್ಕು ಮತದಿಂದ. ಈ ವರ್ಷ ಮತ್ತೆ ಕಾರ್ಯಸೂಚಿಯಲ್ಲಿದೆ, ಸೂಚಕರು ಆ ಶಿಕ್ಷಕಿ, ಅನುಮೋದಕ ನಾನು. ಅಟೆಂಡರ್ ಈಗ ಬೇರೆ ಶಾಲೆಯೊಂದರಲ್ಲಿ ಕೆಲಸ ಮಾಡುತ್ತಿದ್ದಾನೆ. ಹೋದ ತಿಂಗಳು ಅವರಿಗೆ ಒಂದು ಫೋಟೋ ಕಳಿಸಿದ್ದ: ಅಲ್ಲಿಯ ಸ್ಟೋರ್ ರೂಮಿನ ಕಪಾಟು, ಹಿಂಬದಿಯ ಸಾಲಿನಲ್ಲಿ ಲೇಬಲ್ ಇಲ್ಲದ ಮೂರು ಬಾಟಲಿ. ಕೆಳಗೆ ಬರೆದಿದ್ದ, "ಮೇಡಂ, ಮುಟ್ಟಿಲ್ಲ. ಪತ್ರ ಹೇಗೆ ಬರೀಬೇಕು ಹೇಳಿ."